ಪುಟದ ಬಲ ಮೂಲೆ

ಸಿಂಧನೂರಿನ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಸತ್ತ ಚಾರ್ಜರುಗಳ ಡಬ್ಬಿಯ ಪಕ್ಕದಲ್ಲಿ, ರಟ್ಟು ಸವೆದ ನೋಟುಬುಕ್ಕುಗಳ ಒಂದು ಕಟ್ಟು ಇದೆ. ಪುಟಕ್ಕೊಂದು ಜನಪದ ಹಾಡು. ಬಲ ಮೂಲೆಯಲ್ಲಿ, ಹಾಡಿದವರ ಮನೆಯಲ್ಲಿ ಕುಡಿದದ್ದೇನು ಎಂಬ ಟಿಪ್ಪಣಿ: ನೀರು, ಮಜ್ಜಿಗೆ, ಬೆಲ್ಲದ ಚಹಾ. ಒಂದೇ ಒಂದು ಪುಟದ ಮೂಲೆಯಲ್ಲಿ ಮಾತ್ರ ಇದಾವುದೂ ಇಲ್ಲ, ಒಂದು ಮಾತಿದೆ. ಅದಕ್ಕೆ ಕಾರಣ ನನ್ನ ಮೂರ್ಖತನ. ಮುಚ್ಚಿಡುವುದಿಲ್ಲ, ಹೇಗೂ ಊರಿಗೆಲ್ಲ ಗೊತ್ತಿದೆ. ಒಬ್ಬ ಮುದುಕಿಯ ಹಾಡನ್ನು ಕಳೆದು, ಅದನ್ನು ಅವರ ದನಿಯಲ್ಲಿ ನಾನೇ ಹಾಡಿ, ಅವರದ್ದೇ ಎಂದು ಒಪ್ಪಿಸಿದ ಮಹಾನುಭಾವ ನಾನು.

ವೇದಿಕೆಗಳಲ್ಲಿ ಮಿಮಿಕ್ರಿ ಮಾಡುವ ನನ್ನ ಗಂಟಲು ಬಾಡಿಗೆಗೆ ಬಿಟ್ಟ ಮನೆಯಿದ್ದ ಹಾಗೆ, ಓದುವ ಗೆಳೆಯರೇ. ಲಿಂಗಸುಗೂರು ಬಸ್ಸಿನ ಕಂಡಕ್ಟರು, ಗಿರಾಕಿಯ ಜೊತೆ ಚೌಕಾಸಿಗಿಳಿದ ನಮ್ಮಪ್ಪ, ಹೆಣ್ಣು ನೋಡಲು ಹೋಗಿ ತೊದಲಿದ ನಾನು, ಎಲ್ಲರೂ ಬಂದು ಇದ್ದು ಹೋಗುತ್ತಾರೆ. ಮಾಲೀಕ ಮಾತ್ರ ಎಲ್ಲೂ ಕಾಣುವುದಿಲ್ಲ.

ಆ ನೋಟುಬುಕ್ಕುಗಳು ಮಸ್ಕಿಯ ದುರುಗಪ್ಪ ಕಾಕಾ ಅವರವು. ಹೋದ ವರ್ಷ ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದವು. ಚಹಾದಂಗಡಿಗಳಲ್ಲಿ ತಮ್ಮ ಕೇರಿಯವರಿಗೆಂದೇ ಹೊರಗೆ ಇಡುತ್ತಿದ್ದ ಬೇರೆ ಲೋಟಗಳ ವಿರುದ್ಧ ಯೌವನದಲ್ಲಿ ಜನರನ್ನು ಕಟ್ಟಿದವರು ಅವರು. ಇಪ್ಪತ್ತು ಮಂದಿಯೊಂದಿಗೆ ಒಳಹೊಕ್ಕು, ಬೆಂಚಿನ ಮೇಲೆ ಕೂತು, ‘ಒಳಗಿನ ಲೋಟದಾಗ ಚಾ ಕೊಡ್ರಿ, ಸಕ್ರಿ ಜರಾ ಜಾಸ್ತಿ ಇರ್ಲಿ’ ಎಂದು ತಣ್ಣಗೆ ಕೇಳಿದವರು. ಧರಣಿ ಕೂತಲ್ಲೆಲ್ಲ ಹೊತ್ತು ಹೋಗಲೆಂದು ಹೆಂಗಸರು ಹಾಡುತ್ತಿದ್ದರು. ಕೊಟ್ಟ ಅರ್ಜಿಗಳು ಕಚೇರಿಗಳಲ್ಲಿ ಕಳೆದುಹೋದವು, ಹಾಡುಗಳು ಕಿವಿಯಲ್ಲಿ ಉಳಿದವು. ಮೊಣಕಾಲುಗಳು ಮೆರವಣಿಗೆಗೆ ರಾಜೀನಾಮೆ ಕೊಟ್ಟ ಮೇಲೆ ಕಾಕಾ ಹಾಡುಗಳ ಬೆನ್ನು ಹತ್ತಿದರು. ಹಳೆಯ ಕೆಲಸದ ಎರಡು ಕಟ್ಟಳೆಗಳು ಜೊತೆಗೆ ಬಂದವು. ಹಾಡುವವರ ಮನೆಯ ಲೋಟದಲ್ಲಿ ಏನಾದರೂ ಕುಡಿದೇ ಹಾಡು ಕೇಳಬೇಕು. ಹೆಬ್ಬೆಟ್ಟು ಒತ್ತುವವರಿಗೆ ಅರ್ಜಿಯನ್ನು ಓದಿ ಹೇಳುತ್ತಿದ್ದಂತೆ, ಹಾಡಿದವರಿಗೆ ಹಾಡನ್ನು ಮತ್ತೆ ಕೇಳಿಸಿ ಹೌದೆನ್ನಿಸಿಕೊಂಡ ಮೇಲೆಯೇ ಬರೆದುಕೊಳ್ಳಬೇಕು.

ಅವರನ್ನು ಕಾಡುತ್ತಿದ್ದದ್ದು ಒಂದೇ ಹಾಡು, ಅವರ ಅವ್ವ ಭತ್ತದ ನಾಟಿಯಲ್ಲಿ ಹಾಡುತ್ತಿದ್ದದ್ದು. ಮೊದಲ ಸಾಲು ಬಿಟ್ಟು ಮುಂದಿನದು ನೆನಪಿಲ್ಲ. ಆ ಅವ್ವನ ಪಕ್ಕದಲ್ಲೇ ಸಸಿ ಹಚ್ಚಿದ್ದ ಹುಲಿಗೆಮ್ಮ ಎಂಬ ಮುದುಕಿ ವಳಕಮದಿನ್ನಿಯಲ್ಲಿದ್ದಾರೆಂದು ತಿಳಿದಾಗ ಕಾಕಾ ಮೊಣಕಾಲು ಊದಿ ಮಲಗಿದ್ದರು. ಅವರ ಫೋನು ರಿಪೇರಿ ಮಾಡುತ್ತ ಹತ್ತಿರವಾಗಿದ್ದ ನನ್ನನ್ನೇ ಅಟ್ಟಿದರು: ‘ಲೇ ಗಿಳಿ, ಮೊದಲ ನೀರು ಕುಡಿ, ಆಮ್ಯಾಲ ಹಾಡು ಕೇಳು.’

ಹುಲಿಗೆಮ್ಮ ಲೋಟ ಚಾಚಿದರು. ‘ನೀರಡಿಕಿ ಇಲ್ಲಬೇ ಯಮ್ಮಾ’ ಎಂದೆ. ಮಟಮಟ ಮಧ್ಯಾಹ್ನ ಬೈಕ್ ಹೊಡೆದುಕೊಂಡು ಬಂದವನ ಒಣಬಾಯಿಂದ! ಜಾತಿಗೀತಿ ನನಗಿಲ್ಲವೆಂದು ವೇದಿಕೆಯ ಮೇಲೆ ಹತ್ತು ದನಿಗಳಲ್ಲಿ ಸಾರುವ ನನ್ನ ಗಂಟಲು ಅಂದು ನಮ್ಮ ಮನೆಯ ಅಜ್ಜಿಯ ದನಿಯಲ್ಲಿ ಮಾತಾಡಿತು. ನಾನು ಕಲಿಯದೆಯೇ ಬಂದ ಮಿಮಿಕ್ರಿ ಅದೊಂದೇ.

ಅವರು ಲೋಟ ಕೆಳಗಿಟ್ಟು ಹಾಡಿದರು. ಫೋನಿನಲ್ಲಿ ಹಿಡಿದುಕೊಂಡೆ. ಎರಡೇ ದಿನಕ್ಕೆ, ನನ್ನದೊಂದು ವಿಡಿಯೋಗೆ ಜಾಗ ಸಾಲದೆ ಫೋನನ್ನು ಗುಡಿಸುವಾಗ, ಆ ಹಾಡೂ ಕಸದ ಜೊತೆ ಹೋಯಿತು. ಊರವರ ಫೋನು ಉಳಿಸುವ ಡಾಕ್ಟರು ನಾನು! ಮತ್ತೊಮ್ಮೆ ಹೋಗಿ ಕೇಳುವ ಬದಲು ಅಂಗಡಿಯ ಷಟರ್ ಎಳೆದುಕೊಂಡು ಹುಲಿಗೆಮ್ಮನಾದೆ. ಮರೆತ ಸಾಲುಗಳನ್ನು ನಾನೇ ಕಟ್ಟಿ, ಹಾಡಿ, ಫೋನಿಗೆ ತುಂಬಿದೆ.

ಕಾಕಾ ಆ ಹಾಡು ಕೇಳಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ‘ನಡಿ, ಆಕಿಗಿ ಕೇಳಸೋಣು’ ಎಂದು ಕುಂಟುತ್ತಲೇ ಬೈಕು ಹತ್ತಿದರು. ದಾರಿಯುದ್ದಕ್ಕೂ ಪಂಕ್ಚರ್ ಆಗಲೆಂದು ಕಂಡ ಗುಂಡಿಗೆಲ್ಲ ಕೈಮುಗಿದೆ. ಟೈರು ನನಗಿಂತ ಪ್ರಾಮಾಣಿಕ, ಕೈಕೊಡಲಿಲ್ಲ.

ಹುಲಿಗೆಮ್ಮ ಫೋನಿಗೆ ಕಿವಿ ಹಚ್ಚಿ ಪೂರ್ತಿ ಕೇಳಿದರು. ‘ದನಿ ನಂದ ಐತಿ,’ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, ‘ಖರೆ ಈಕಿ ಎಂದೂ ಸಸಿ ಹಚ್ಚಿಲ್ಲ ನೋಡು. ನೆಟ್ಟಗ ನಿಂತು ಹಾಡ್ಯಾಳ.’

ನಾಟಿಯ ಹಾಡಿನಲ್ಲಿ, ಬಗ್ಗಿ ಕೆಸರಿಗೆ ಕೈ ಹಾಕುವಷ್ಟು ಹೊತ್ತು, ಪ್ರತಿ ಸಾಲಿನ ನಡುವೆ ಉಸಿರು ಕಡಿಯುತ್ತದಂತೆ. ಅಂಗಳದಲ್ಲಿ ಕೂತು ಹಾಡಿದಾಗಲೂ ಅವರ ಉಸಿರು ಬಗ್ಗಿ ಏಳುತ್ತಲೇ ಇತ್ತು. ನಾನು ಅದನ್ನು ಮುಪ್ಪಿನ ಏದುಸಿರೆಂದು ತಿಳಿದು, ಕೇಳಲು ಚಂದವಿರಲೆಂದು ತಿದ್ದಿ ನಯಗೊಳಿಸಿದ್ದೆ.

ಒಪ್ಪಿಕೊಂಡೆ, ನನ್ನ ಸ್ವಂತ ದನಿಯಲ್ಲಿ. ಅದು ಅಷ್ಟು ತೆಳ್ಳಗಿದೆಯೆಂದು ನನಗೇ ಗೊತ್ತಿರಲಿಲ್ಲ. ಕಾಕಾ ಬೈಯಲಿಲ್ಲ. ನೋಟುಬುಕ್ಕು ತೆರೆದು, ಪೆನ್ನನ್ನು ಬಲ ಮೂಲೆಯ ಮೇಲೆ ಹಿಡಿದು, ‘ಯಕ್ಕಾ, ಇವಾ ಅವತ್ತು ನಿಮ್ಮ ಮನ್ಯಾಗ ಏನು ಕುಡದಾನ?’ ಎಂದಷ್ಟೇ ಕೇಳಿದರು. ಹುಲಿಗೆಮ್ಮ ನನ್ನತ್ತ ತಿರುಗಿ ಒಂದು ಮಾತು ಹೇಳಿದರು. ಹೇಳಿ, ಬೊಚ್ಚುಬಾಯಿ ತುಂಬ ನಕ್ಕು, ಲೋಟ ತುಂಬಿಸಿ ಕೈಗಿಟ್ಟರು. ಗಟಗಟ ಕುಡಿದೆ, ಕೇಳಿ ಇನ್ನೊಂದು ಲೋಟ ಕುಡಿದೆ. ಆಮೇಲೆ ಅವರು ಹಾಡಿದರು. ಎರಡನೇ ಸಾಲಿಗೆ ಕಾಕಾನ ತುಟಿ ತಾನಾಗಿಯೇ ಅಲುಗಿತು. ಮರೆತೆನೆಂದುಕೊಂಡದ್ದೆಲ್ಲ ಅಲ್ಲೇ ಇತ್ತು.

ಈಗ ಯಾರ ದನಿ ತೆಗೆಯುವುದಿದ್ದರೂ ಮೊದಲು ಅವರ ಮನೆಗೆ ಹೋಗಿ ನೀರು ಕುಡಿದು ಬರುತ್ತೇನೆ. ಒಬ್ಬ ಪುಢಾರಿಯ ಮನೆಯಲ್ಲಿ ಕೊಡಲಿಲ್ಲ. ಅವರು ನನ್ನ ಕಾರ್ಯಕ್ರಮದಿಂದ ಬಚಾವಾದರು. ಜಂಬ ಏರಿದಾಗ ಆ ಪುಟ ತೆರೆಯುತ್ತೇನೆ. ಬಲ ಮೂಲೆಯಲ್ಲಿ ‘ನೀರು, ಎರಡು ಲೋಟ’ ಎಂದು ಬರೆಯಬಹುದಿತ್ತು. ಕಾಕಾ ಬರೆದದ್ದು ಹುಲಿಗೆಮ್ಮನ ಆ ಉತ್ತರವನ್ನು, ಅಕ್ಷರ ಬಿಡದೆ:

‘ನನ್ನ ನೀರು ಒಲ್ಲೆಂದಾಂವಗ ನನ್ನ ದನಿ ಹೆಂಗ ಬೇಕಾತೋ ಯಪ್ಪಾ?’