ಹೊಟ್ಟೆನೋವು ಅಂತ ಬರೆಸಿ

ಇಲವಾಲದಿಂದ ಮೈಸೂರಿಗೆ ಓದಲು ಬಂದ ನಾನು ಮಂಡಿ ಮೊಹಲ್ಲಾದಲ್ಲಿ ಸವರಿಯಮ್ಮನವರ ಮನೆಯ ಪಕ್ಕದ ಕೋಣೆಯಲ್ಲಿದ್ದೆ. ಐವತ್ತರ ದಶಕದ ಕೊನೆಯ ವರ್ಷಗಳು. ಅವರು ಆಸ್ಪತ್ರೆಯೊಂದರ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಆಯಾ ಆಗಿದ್ದರು. ನೀಲಿ ಅಂಚಿನ ಬಿಳಿ ಸೀರೆ, ಕೊರಳಲ್ಲಿ ಜಪಸರ, ಹತ್ತಿರ ಬಂದರೆ ಫಿನಾಯಿಲ್ ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ಅವರ ಜಗಲಿ, ಅಲ್ಲಿ ಕುಡಿದ ಬೆಲ್ಲದ ಕಾಫಿ ನೆನಪಾಗುತ್ತದೆ. ಆ ಜಗಲಿಯಲ್ಲೇ ಅಕ್ಕಿ ಆರಿಸುತ್ತ ಅವರು ಕೆಂಪಯ್ಯನ ವಿಷಯ ಹೇಳಿದ್ದು.

ಆಗ ಪಾನನಿರೋಧವಿತ್ತು. ಹೆಂಡ ಸಿಗದೆ, ಮರಗೆಲಸದ ಅಂಗಡಿಗಳ ಕೆಲವರು ಬೀಟೆ ಮರಕ್ಕೆ ಬಳಿಯುವ, ಸ್ಪಿರಿಟ್ ಬೆರೆತ ಪಾಲಿಷನ್ನೇ ಕುಡಿಯುತ್ತಿದ್ದರು. ಭಾನುವಾರ ಕುಡಿದವರು ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಬರುವರು. ಕುಡಿತವೆಂದು ಚೀಟಿಯಲ್ಲಿ ಬರೆದರೆ ಪೊಲೀಸರಿಗೆ ಸುದ್ದಿ ಹೋಗುತ್ತಿತ್ತು. ಅದಕ್ಕೇ ಸವರಿಯಮ್ಮ ಬಾಗಿಲಲ್ಲೇ, ಅವರನ್ನು ಕರೆತಂದ ಹೆಂಗಸರ ಕಿವಿಯಲ್ಲಿ ಹೇಳಿಬಿಡುತ್ತಿದ್ದರು: "ಹೊಟ್ಟೆನೋವು ಅಂತ ಬರೆಸಿ ಕಣಮ್ಮ." ಆ ಹೊಟ್ಟೆನೋವು ಯಾವುದೆಂದು ಹಳೆಯ ಡಾಕ್ಟರಿಗೆ ಗೊತ್ತಿತ್ತು. ಚೀಟಿಯಲ್ಲಿ ಏನೇ ಇದ್ದರೂ ಚಿಕಿತ್ಸೆ ಸರಿಯಾಗಿಯೇ ಆಗುತ್ತಿತ್ತು.

ಸೋಮವಾರ ಬರುವವರಲ್ಲಿ ಖಾಯಂ ಗಿರಾಕಿ ಪಾಲಿಷ್ ಕೆಲಸದ ಕೆಂಪಯ್ಯ. ಅವನು ಉಜ್ಜಿದ ಮೇಜಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದು ಎನ್ನುತ್ತಿದ್ದರು.

"ಬಂದ್ರಾ ಅಳಿಯಂದ್ರು? ಹಾಸಿಗೆ ಹಾಸೇ ಇದೆ" ಎಂದು ಸವರಿಯಮ್ಮ ಛೇಡಿಸುವರು.

"ನಿಮ್ಮ ಮಕ ನೋಡ್ದೆ ಸೋಮವಾರ ಎಂಗಾಯ್ತದೆ ಅತ್ತೆ" ಎನ್ನುವನು ಅವನು. ಪಕ್ಕದಲ್ಲಿ ನಿಂತ ಹೆಂಡತಿ ಶಿವನಂಜಮ್ಮ ಮಾತ್ರ ನಗುತ್ತಿರಲಿಲ್ಲ.

ಹಳೆಯ ಡಾಕ್ಟರು ನಿವೃತ್ತರಾಗಿ ಹೊಸಬರೊಬ್ಬರು ಬಂದರು. ಮೊದಲ ಸೋಮವಾರವೇ ಶಿವನಂಜಮ್ಮ ಗಂಡನನ್ನು ಕರೆತಂದು ಕಲಿತ ಮಾತನ್ನು ಒಪ್ಪಿಸಿದಳು: "ಹೊಟ್ಟೆನೋವು ಸ್ವಾಮಿ. ಹುಣಸೆ ಗೊಜ್ಜು ಜಾಸ್ತಿ ತಿಂದ್ಬುಟ್ರು." ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಔಷಧಿ ಕೊಟ್ಟು, ಮನೆಗೆ ಹೋಗಲು ಹೇಳಿದರು.

ಬಕೆಟ್ ಹಿಡಿದು ಬರುತ್ತಿದ್ದ ಸವರಿಯಮ್ಮನಿಗೆ, ಕೆಂಪಯ್ಯ ಹೊರಗಿನ ಮೆಟ್ಟಿಲನ್ನು ಕಾಲಲ್ಲಿ ತಡಕುತ್ತಿರುವುದು ಕಂಡಿತು.

"ಏನ್ ಅಳಿಯಂದ್ರೆ, ಮೆಟ್ಟಿಲು ಮರೆತೋಯ್ತಾ?"

"ಎಲ್ಲಾ ಬೆಳ್ಳಗೆ ಕಾಣ್ತದೆ ಅತ್ತೆ. ಕಣ್ಣಿಗೆ ಸುಣ್ಣ ಬಳ್ದಂಗೈತೆ."

ಹಿಂದೆ ಪಾಲಿಷ್ ಕುಡಿದು ಬಂದಿದ್ದ ಮೇಟಗಳ್ಳಿಯ ಒಬ್ಬ ಇದೇ ಮಾತು ಹೇಳಿ, ಮರುದಿನದ ಹೊತ್ತಿಗೆ ಶಾಶ್ವತವಾಗಿ ಕುರುಡನಾಗಿದ್ದ. ಸವರಿಯಮ್ಮ ಬಕೆಟ್ ಕೆಳಗಿಟ್ಟರು.

ಶಿವನಂಜಮ್ಮ ಅವರ ಸೆರಗು ಹಿಡಿದಳು. "ಯೋಳ್ಬ್ಯಾಡಿ ಕಣಕ್ಕ, ಜೈಲಿಗಾಕ್ಬುಡ್ತಾರೆ. ಹೊಟ್ಟೆನೋವು ಅನ್ನಿ ಅಂತ ನೀವೇ ಅಲ್ವಾ ಕಲಿಸಿದ್ದು?"

"ನಾನೇ ಕಣಮ್ಮ. ಜೈಲಿಗೆ ಹೋದೋನು ಬರ್ತಾನೆ. ಕಣ್ಣು ಬರಲ್ಲ."

ಅವರು ಒಳಗೆ ಹೋಗಿ ಡಾಕ್ಟರ ಮುಂದೆ ನಿಂತರು. "ಸ್ವಾಮಿ, ಅದು ಹೊಟ್ಟೆನೋವಲ್ಲ, ಪಾಲಿಷ್ ಕುಡಿದವ್ನೆ. ಸುಳ್ಳು ಹೇಳ್ಕೊಟ್ಟೋಳು ನಾನು."

ಡಾಕ್ಟರು ಬೈಯಲಿಲ್ಲ, ಎದ್ದು ಓಡಿದರು. ಕೆಂಪಯ್ಯನನ್ನು ಮಲಗಿಸಿ, ಬೀಗ ಹಾಕಿದ ಬೀರುವಿನಿಂದ ಔಷಧಿಯ ಬ್ರಾಂದಿ ತೆಗೆಸಿ ಅಳತೆಯಲ್ಲಿ ಕುಡಿಸಿದರು. ಪಾಲಿಷಿನ ವಿಷವನ್ನು ಅದು ತಡೆಯುತ್ತದಂತೆ.

"ಇದ್ನೇ ಮೊದ್ಲು ಕೊಟ್ಟಿದ್ರೆ ಪಾಲಿಷ್ ಸವಾಸಕ್ಕೆ ಯಾಕ್ ಓಗ್ತಿದ್ದೆ ಸ್ವಾಮಿ" ಎಂದನಂತೆ ಕೆಂಪಯ್ಯ.

ಬಲಗಣ್ಣು ಉಳಿಯಿತು. ಎಡಗಣ್ಣಿನ ಮಂಜು ಹೋಗಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ದಿನ ಪೇದೆ ಬಂದು ಕರೆದೊಯ್ದ. ಹದಿನೈದು ದಿನ ಸಜೆಯಾಯಿತು.

ಆಮೇಲೆ ಬೀದಿಯ ನಲ್ಲಿಯ ಹತ್ತಿರ ಶಿವನಂಜಮ್ಮ ಸವರಿಯಮ್ಮನವರನ್ನು ಕಂಡರೆ ಕೊಡ ಎತ್ತಿಕೊಂಡು ಹೋಗುವಳು. 'ಹಿಡಿದುಕೊಡೋ ಆಯಾ' ಎಂದು ಉಳಿದವರೂ ಆಡಿಕೊಂಡರು. ಸವರಿಯಮ್ಮ ಆಸ್ಪತ್ರೆಯ ಬಾಗಿಲಲ್ಲಿ ಈಗ ಬೇರೆ ಮಾತು ಹೇಳುತ್ತಿದ್ದರು: "ಏನ್ ಕುಡಿದ, ಯಾವಾಗ ಕುಡಿದ, ನಿಜ ಹೇಳಮ್ಮ." ಕೆಲವರು ಅದನ್ನು ಕೇಳಿ ಹಾಗೇ ವಾಪಸು ಹೋದರು. ಅವರೆಲ್ಲ ಏನಾದರೋ ಎಂಬ ಚಿಂತೆ ಅವರಿಗೆ ಕೊನೆಯವರೆಗೂ ಇತ್ತು.

ನಾಲ್ಕು ತಿಂಗಳ ಮೇಲೆ ಒಂದು ಸೋಮವಾರ ಕೆಂಪಯ್ಯ ಒಬ್ಬನೇ ಬಂದ. ಸವರಿಯಮ್ಮನ ಕಡೆ ನೋಡದೆ ನೇರ ಡಾಕ್ಟರ ಮೇಜಿಗೆ ಹೋದ.

"ಪಾಲಿಷ್ ಸ್ವಾಮಿ. ನೆನ್ನೆ ಸಾಯಂಕಾಲ, ಅರ್ಧ ಲೋಟ. ಬರ್ಕೊಳ್ಳಿ."

ಆಮೇಲೆ ಕತ್ತು ಹೊರಳಿಸಿ, ಬಲಗಣ್ಣಿನಿಂದ ಅವರನ್ನು ಹುಡುಕಿ ಕೇಳಿದ: "ಹಾಸಿಗೆ ಆಸೈತಾ ಅತ್ತೆ?"

ಇಷ್ಟು ಹೇಳಿ ಸವರಿಯಮ್ಮ ಮೊರದಲ್ಲಿನ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು. "ಹಾಸೇ ಇತ್ತು ಕಣಪ್ಪ," ಎಂದರು. "ಅಷ್ಟು ದಿನವೂ ಹಾಸೇ ಇಟ್ಟಿದ್ದೆ."