ಟೆರೇಸಿನ ಬೀಗ

ಆ ದಿನಗಳಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಬೇಸಿಗೆಯೆಲ್ಲ ಟೆರೇಸಿನಲ್ಲೇ ಕಳೆಯುತ್ತಿತ್ತು. ಕುಂದಾಪುರ ಕಡೆಯವಳಾದ ನನ್ನ ಅಮ್ಮ ಹಳೆಯ ಸೀರೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು, ಪಕ್ಕದಲ್ಲಿ ನಾವು ಕಾಕು ಎನ್ನುತ್ತಿದ್ದ ಮರಾಠಿ ಹೆಂಗಸರ ಸಾಬಕ್ಕಿ ಸಂಡಿಗೆ. ಕಾಗೆ ಓಡಿಸುವ ಕೆಲಸ ನನ್ನದು. ಅರೆ ಒಣಗಿದ ಹಪ್ಪಳವನ್ನು ಕಾಗೆಗಿಂತ ಹೆಚ್ಚು ತಿಂದವಳೂ ನಾನೇ.

ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಬೇಜಾರಾಗಿ, ನೀರು ಎಷ್ಟಿದೆ ನೋಡೋಣವೆಂದು ಟೆರೇಸಿನ ಟ್ಯಾಂಕಿನ ಮುಚ್ಚಳ ಸರಿಸಿದೆ. ಹಾಗೇ ಬಿಟ್ಟು ಊಟಕ್ಕೆ ಇಳಿದೆ. ಗಾಳಿ ಎದ್ದು, ಟ್ಯಾಂಕಿನ ಮೇಲೆ ಮುಚ್ಚಳದ ಪಕ್ಕ ಹಾಸಿದ್ದ ಸೀರೆಯ ಹಪ್ಪಳವೆಲ್ಲ ಒಳಗೆ ಬಿತ್ತು. ಸಂಜೆ ಎಲ್ಲರ ನಲ್ಲಿಯಲ್ಲೂ ಹಲಸು, ಇಂಗಿನ ವಾಸನೆಯ ನೀರು.

ಮುಚ್ಚಳ ನೋಡಿಕೊಳ್ಳಬೇಕಾದವರು ವಾಚ್‌ಮನ್ ಶರಣಪ್ಪ. ಕಲಬುರಗಿಯವರು, ಹೆಂಡತಿ ಕೂಸಿನೊಡನೆ ಕೆಳಗಿನ ಕೋಣೆಯಲ್ಲಿದ್ದರು. ಕೆಲಸ ಹೋದರೆ ಆ ಕೋಣೆಯೂ ಹೋಗುತ್ತಿತ್ತು. ಅವರನ್ನು ತೆಗೆಯಬೇಕೆಂದು ಸೊಸೈಟಿಯವರು ಭಾನುವಾರ ಕಂಪೌಂಡಿನಲ್ಲಿ ಮೀಟಿಂಗ್ ಕರೆದರು.

"ನಾ ಮುಂಜಾನೆ ಮುಚ್ಚೀನ್ರಿ ಅಕ್ಕಾರ, ಖರೇ ಹೇಳ್ತೀನಿ," ಎಂದು ಶರಣಪ್ಪ ಅಮ್ಮನಿಗೆ ಹೇಳಿದರು.

ಅಮ್ಮ ನನ್ನ ಕಡೆ ತಿರುಗಿದಳು. "ನೀನು ಮುಟ್ಟಿದ್ಯಾ? ನಿಜ ಹೇಳು."

ಎದ್ದು ನಿಂತು ಸೆಕ್ರೆಟರಿ ಕಾಕಾನಿಗೆ, "ಮೈನೇ ಖೋಲಾ ಥಾ," ತೆರೆದದ್ದು ನಾನೇ, ಎಂದೆ.

ಕಾಕಾ ಬಯ್ಯಲಿಲ್ಲ. ನಿಯಮಗಳ ಪುಸ್ತಕ ತಿರುವಿ ಹಾಕಿ, "ಬೈಲಾ ಮೇ ನಹೀ ಹೈ. ಅಬ್ ಲಿಖೇಂಗೇ," ಬೈಲಾದಲ್ಲಿ ಇದಿಲ್ಲ, ಈಗ ಬರೆಯೋಣ, ಎಂದರು. ಟೆರೇಸಿನಲ್ಲಿ ಏನನ್ನೂ ಒಣಗಿಸಕೂಡದು, ಬಾಗಿಲಿಗೆ ಬೀಗ, ಕೀಲಿ ಶರಣಪ್ಪನವರ ಬಳಿ. ಎಲ್ಲರೂ ಕೈ ಎತ್ತಿದರು, ಅಮ್ಮನೂ.

ಬೈಲಾ ಅಂದರೆ ಏನೆಂದು ಅಪ್ಪನನ್ನು ಕೇಳಿದೆ. "ಯಾರೋ ಒಬ್ರು ತಪ್ಪು ಮಾಡಿರ್ತಾರೆ. ಅದು ಇನ್ನೊಮ್ಮೆ ಆಗ್ಬಾರ್ದು ಅಂತ ಎಲ್ರೂ ಕೂತು ಬರ್ಕೊಳ್ಳುದು," ಎಂದರು. ಆ ಯಾರೋ ನಾನೇ.

ಮುಂದಿನ ಬೇಸಿಗೆ ಅಮ್ಮ ಅಭ್ಯಾಸಬಲದಿಂದ ಹಪ್ಪಳದ ಮೊರ ಹೊತ್ತು ಮೇಲೆ ಹೋದಳು. ಬೀಗ ಹಾಕಿದ ಬಾಗಿಲ ಬಳಿ ಶರಣಪ್ಪ ತಲೆ ತಗ್ಗಿಸಿ ಹೇಳಿದರು: "ನಿಮ್ ಹುಡುಗಿ ನನ್ ಅನ್ನ ಉಳಿಸ್ಯಾಳ್ರಿ. ಆದ್ರ ಕೀಲಿ ಕೇಳಬ್ಯಾಡ್ರಿ."

"ಬೇಡ ಮಾರಾಯ್ರೆ. ನಾನೂ ಕೈ ಎತ್ತಿದವಳೇ ಅಲ್ವಾ," ಎಂದು ಅಮ್ಮ ಮೊರ ಇಳಿಸಿಕೊಂಡು ಬಂದಳು. ಆಮೇಲೆ ನಮ್ಮ ಮನೆಗೆ ಅಂಗಡಿಯ ಹಪ್ಪಳವೇ ಬಂತು.

ಈಗ ಅಮ್ಮ ಇಲ್ಲ. ಮೊನ್ನೆ ಆ ಕಡೆ ಹೋದಾಗ ಮೆಟ್ಟಿಲ ಬಳಿ, ಟೆರೇಸಿನಲ್ಲಿ ಏನನ್ನೂ ಒಣಗಿಸಕೂಡದು ಎಂಬ ಅಂದಿನ ನಿಯಮದ ಬೋರ್ಡು ಇನ್ನೂ ಇತ್ತು. ಪುಟ್ಟ ಹುಡುಗಿಯೊಬ್ಬಳು ಅದನ್ನು ಓದಿ, ಟೆರೇಸಿನಲ್ಲಿ ಯಾರಾದರೂ ಏನಾದರೂ ಒಣಗಿಸುತ್ತಾರಾ ಆಂಟಿ ಎಂದು ಹಿಂದಿಯಲ್ಲಿ ಕೇಳಿದಳು.

ನನ್ನ ಅಮ್ಮ ಒಣಗಿಸುತ್ತಿದ್ದಳು, ಎಂದೆ.