ಹೆಸರು ಹಾಕಲೇಬೇಕೆಂದ ಅಜ್ಜಿ

ನಮ್ಮ ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿನಿ ಸ್ನೇಹಾಳ ಸಂಶೋಧನೆ ಸಕ್ಕರೆ ಕಾಯಿಲೆಯವರ ಕಾಲಿನ ಆರೈಕೆಯ ಬಗ್ಗೆ. ಅವಳ ಮೇಡಂ ಆಗಿ ನಾನೂ ಕುರ್ಲಾದ ಒಂದು ಚಾಳ್‌ಗೆ, ಅಂದರೆ ವಠಾರಕ್ಕೆ, ಹೋಗಿದ್ದೆ. ವಿಜಯಪುರ ಕಡೆಯ ಅಜ್ಜಿಯೊಬ್ಬರು ಖುಷಿಯಿಂದ ಮಾತಿಗೆ ಕೂತರು. ಸ್ನೇಹಾ ಸಂಶೋಧನೆಯ ನಿಯಮದಂತೆ, "ಅಜ್ಜಿ, ನಮ್ಮ ವರದಿಯಲ್ಲಿ ನಿಮ್ಮ ಹೆಸರು ಎಲ್ಲೂ ಬರಲ್ಲ," ಎಂದದ್ದೇ ತಡ, ಅವರು ಸಿಡುಕಿದರು.

"ಯಾಕ ಬರಂಗಿಲ್ಲ? ನಾ ಏನ್ ಕಳವು ಮಾಡೀನೇನು? ಹೆಸರು ಹಾಕದಿದ್ರ ನಾ ಬಾಯಿ ಬಿಡಂಗಿಲ್ಲ!"

ಸ್ನೇಹಾ ಅಳುವುದೊಂದು ಬಾಕಿ. "ನಿಮ್ಮ ಕಾಯಿಲೆ ವಿಷಯ ಊರಿಗೆಲ್ಲ ಗೊತ್ತಾಗಬಾರದಲ್ಲ, ಅದಕ್ಕೇ ಅಜ್ಜಿ," ಎಂದೆ ನಾನು.

"ಹಂಗೇನು? ಮೊದಲ ಹೇಳಬಾರದೇನ್ರೀ!" ಎಂದು ನಕ್ಕು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಅಜ್ಜಿ ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತು, ತಮ್ಮ ಸಕ್ಕರೆ ಕಾಯಿಲೆಯಿಂದ ಹಿಮ್ಮಡಿಯ ಬಿರುಕಿನವರೆಗೆ ಎಲ್ಲವನ್ನೂ ಅಕ್ಕಪಕ್ಕದವರಿಗೆ ಮರಾಠಿಯಲ್ಲಿ ಕೂಗಿ ಹೇಳುತ್ತಿದ್ದರು. ಗುಟ್ಟು ಕಾಯುವ ನಿಯಮ ಇರುವುದು ಸಂಶೋಧಕರಿಗೆ ಮಾತ್ರ ತಾನೆ!